ಫ್ಯಾರಡೆ ಪಂಜರದ ಬಾಡಿಗೆದಾರಳು

ಮನೆ ಮಾಲೀಕರಾದ ಮೇಷ್ಟ್ರಿಗೆ,

ನಿಮ್ಮ ಮಗಳ ಹೆರಿಗೆ ಹೊತ್ತಿಗೆ ಸೂಲಗಿತ್ತಿಯಾದ ನಾನು ಬೇಕಂತಲೇ ಫೋನ್ ಎತ್ತಲಿಲ್ಲ ಅಂತ ಬೀದಿಯೆಲ್ಲ ಸಾರುತ್ತಿದ್ದೀರಂತೆ. ರೂಮು ಖಾಲಿ ಮಾಡು ಅಂತಲೂ ಹೇಳಿ ಕಳಿಸಿದಿರಿ. ಮಾಡಿದ್ದೇನೆ.

ತಾರಸಿ ರೂಮಿಗೆ ಸುತ್ತಲೂ ತಗಡು, ಕಿಟಕಿಗೆ ಕಬ್ಬಿಣದ ಸಣ್ಣ ಜಾಲರಿ ಹೊಡೆಸಿದಿರಲ್ಲ, ಆಗಲೇ ಬಂದು ಅಂಗಲಾಚಿದ್ದೆ: ಒಳಗೆ ಫೋನೇ ಬರಲ್ಲ, ನನ್ನದು ಹೊತ್ತುಗೊತ್ತಿಲ್ಲದೆ ಕರೆ ಬರುವ ಕೆಲಸ ಅಂತ. ನೀವು ಕುರ್ಚಿಯಿಂದ ಏಳದೆ ಪಾಠ ಮಾಡಿದಿರಿ. "ಇದಕ್ಕೆ ಫ್ಯಾರಡೆ ಪಂಜರ ಅಂತಾರಮ್ಮ. ಇದನ್ನು ತೋರಿಸಿಕೊಟ್ಟ ವಿಜ್ಞಾನಿಯ ಹೆಸರೇ ಇಟ್ಟಿದ್ದಾರೆ. ಸುತ್ತ ಲೋಹ ಇದ್ದರೆ ಹೊರಗಿನ ಅಲೆ ಒಳಗೆ ಬರಲ್ಲ. ವಿಜ್ಞಾನದ ಜೊತೆ ಜಗಳ ಆಡೋಕಾಗುತ್ತಾ?" ಜಾಲರಿ ಮಾತ್ರ ಬಿಚ್ಚಿಸಲಿಲ್ಲ.

ಮೊನ್ನೆ ಮಧ್ಯಾಹ್ನ ಫೋನ್ ನನ್ನ ತಲೆದಿಂಬಿನ ಪಕ್ಕದಲ್ಲೇ ಇತ್ತು. ಸಂಜೆ ಬಾಗಿಲಾಚೆ ಕಾಲಿಟ್ಟ ಕೂಡಲೇ ತಪ್ಪಿದ ಕರೆಗಳ ಸಂದೇಶಗಳು ಒಂದರ ಮೇಲೊಂದು ಬಂದವು. ಎಲ್ಲವೂ ನಿಮ್ಮ ಮಗಳದ್ದೇ. ಎದ್ದುಬಿದ್ದು ಅವಳ ಮನೆಗೆ ಓಡುವಷ್ಟರಲ್ಲಿ ಒಬ್ಬಳೇ ಹೆತ್ತು, ಮಗುವನ್ನು ಟವೆಲಿನಲ್ಲಿ ಸುತ್ತಿಕೊಂಡು ಕೂತಿದ್ದಳು. ನನ್ನ ಮುಖ ನೋಡಲಿಲ್ಲ.

ಬೀಗದ ಕೈ ನಿಮ್ಮ ಜಾಲರಿಗೇ ನೇತುಹಾಕಿದ್ದೇನೆ. ಒಂದೇ ಒಂದು ಕೆಲಸ ಮಾಡಿ: ಆ ಪಂಜರದ ಅರ್ಥ ನನಗೆ ಬಿಡಿಸಿ ಹೇಳಿದ ಹಾಗೇ, ನಿಮ್ಮ ಮಗಳಿಗೂ ಹೇಳಿ.

ನಿಮ್ಮ ತಾರಸಿಯಿಂದ ಇಳಿದುಹೋದ
ಸೂಲಗಿತ್ತಿ