ಹಿಂದಿನ ಓಣಿಯ ಮಾಲೀಕರಿಗೆ

ರೀ,

ನಗರಸಭೆಯಿಂದ ನಕ್ಷೆಯ ಪ್ರತಿ ಸಿಕ್ಕೇಬಿಟ್ಟಿತು! ಫ್ರಿಜ್ ಮೇಲಿಟ್ಟಿದ್ದೇನೆ, ಕೈ ಒರೆಸಿಕೊಂಡು ಮುಟ್ಟಿ. ಹಿಂದಿನ ಓಣಿ ಸಾರ್ವಜನಿಕ ದಾರಿ ಅಂತ ಸೀಲು ಸಮೇತ ಇದೆ. ಪಕ್ಕದ ಮನೆಯವರು ಅಲ್ಲಿ ಗೇಟು ಹಾಕಿ ಬೀಗ ಜಡಿದದ್ದು ತಪ್ಪೇ ತಪ್ಪು. ನನಗಂತೂ ಆನೆ ಬಲ ಬಂದಂತಾಗಿದೆ.

ಈ ನಕ್ಷೆಗೆ ನೀವು ಹಾಕಿದ್ದ ಅರ್ಜಿ ಯಾಕೆ ವಾಪಸ್ ಬಂದಿತ್ತು ಗೊತ್ತಾ? ಒಂದು ಕಲಂ ಖಾಲಿ ಬಿಟ್ಟರೆ ನಿಮಗೆ ನಿದ್ದೆ ಬರುವುದಿಲ್ಲವಲ್ಲ, ಜಾಗದ ಮಾಲೀಕರು ಯಾರು ಅನ್ನುವ ಕಡೆ ನಿಮ್ಮ ಹೆಸರನ್ನೇ ಬರೆದಿದ್ದಿರಿ! ವಿಚಾರಿಸಲು ಹೋದರೆ ದಾಖಲೆ ವಿಭಾಗದ ಮೇಡಂಗೆ ನಗು ತಡೆಯಲಾಗಲಿಲ್ಲ. “ಓಣಿ ನಿಮ್ದೇ ಆದ್ರೆ ನಮ್ಮನ್ಯಾಕ್ರೀ ಕೇಳ್ತೀರಾ?” ಅಂದರು. ಆ ಕಲಂ ಖಾಲಿ ಬಿಟ್ಟು ನಾನೇ ಹೊಸ ಅರ್ಜಿ ಕೊಟ್ಟೆ. ನಿಮಗೆ ಹೇಳಲಿಲ್ಲ, ಹೇಳಿದ್ದರೆ ಅದನ್ನೂ ತುಂಬಿಸುತ್ತಿದ್ದಿರಿ.

ನಗರಸಭೆಯ ಇಂಜಿನಿಯರ್ ಬೀಗ ತೆಗೆಸಲು ಬಂದಿದ್ದಾರೆ, ಗೇಟಿನ ಹತ್ತಿರ ಹೋಗುತ್ತಿದ್ದೇನೆ. ಹಾಲಿಗೆ ತಟ್ಟೆ ಮುಚ್ಚಿ, ಬೆಕ್ಕು ಹೊಂಚು ಹಾಕುತ್ತಿದೆ. ಅತ್ತೆಗೆ ನೀಲಿ ಸ್ವೆಟರ್ ಹಾಕಿ, ಗಾಲಿಕುರ್ಚಿಯಲ್ಲಿ ಕರೆದುಕೊಂಡು ಬನ್ನಿ. ಇವತ್ತು ಆ ದಾರಿಯಲ್ಲಿ ಪಾರ್ಕಿಗೆ ಮೊದಲು ಹೋಗುವುದು ಅವರೇ.

ಒಂದು ಜಾಗ ನಮ್ಮದಲ್ಲ ಅಂತ ತಿಳಿದು ನಾನು ಇಷ್ಟು ಕುಣಿದದ್ದು ಇದೇ ಮೊದಲು. ಮಾಲೀಕರೇ, ಬೇಗ ಬನ್ನಿ!