ಮಿಂಚುಳ್ಳಿಯ ನಾಲ್ಕನೇ ಮೂಲೆ

ಪ್ರೆಸ್ಸಿನ ಊಟದ ಕೋಣೆ
ಮಾರ್ಚ್ ೧೪, ಮಧ್ಯಾಹ್ನ

ಪ್ರೀತಿಯ ಅಣ್ಣಾ,

ಹೇಗಿದ್ದೀಯ? ಬೆನ್ನುನೋವು ಕಡಿಮೆಯಾಯಿತೇ, ಇಲ್ಲ ಈಗಲೂ ಕಾರ್ಡುಗಳ ಆಲ್ಬಮ್ಮಿನ ಮೇಲೆ ಬಗ್ಗಿಕೊಂಡೇ ಕೂತಿರುತ್ತೀಯಾ? "ನಿಮ್ಮಣ್ಣಂಗೆ ನನ್ನ ಮುಖ ಮರೆತ್ರೂ ಕಾರ್ಡಿನ ಮುಖ ಮರೆಯಲ್ಲ" ಅಂದರು ಅತ್ತಿಗೆ ಫೋನಿನಲ್ಲಿ. ಇಲ್ಲಿ ಎಲ್ಲರೂ ಚೆನ್ನಾಗಿದ್ದಾರೆ. ನಾನೊಬ್ಬಳು ಮಾತ್ರ ನಾಲ್ಕು ದಿನದಿಂದ ಸರಿಯಾಗಿ ಉಂಡಿಲ್ಲ. ಕಾರಣ ಎರಡಿವೆ. ಒಂದು, ಕಾರ್ಡು ಸಂಗ್ರಹಿಸುವ ನಿನ್ನ ಸಂಘದ ಅರ್ಜಿ.

ಅದು ಬಂದದ್ದು ನನ್ನ ಮೇಜಿಗೇ. ನಾವು ಚಿಕ್ಕವರಿದ್ದಾಗ ಬಿಸ್ಕತ್ತಿನ ಪೊಟ್ಟಣದಲ್ಲಿ ಬರುತ್ತಿದ್ದ ಹಕ್ಕಿ ಕಾರ್ಡುಗಳನ್ನು ಕಂಪನಿ ಮತ್ತೆ ಅಚ್ಚು ಹಾಕಿಸುತ್ತಿದೆ, ಅಪ್ಪ ದುಡಿದ ಇದೇ ಪ್ರೆಸ್ಸಿನಲ್ಲಿ. ಅವುಗಳಲ್ಲೇ ಅಪರೂಪದ ಮಿಂಚುಳ್ಳಿಯನ್ನು ಮಾತ್ರ ಐನೂರು ಪ್ರತಿಗೆ ನಿಲ್ಲಿಸಬೇಕು, ಇಲ್ಲದಿದ್ದರೆ ಹಳೆಯದನ್ನು ಕಾಪಾಡಿಕೊಂಡು ಬಂದವರಿಗೆ ಮೋಸವಾಗುತ್ತದೆ ಎಂದು ಬರೆದಿದ್ದೀರಿ. ಮೊದಲ ಸಹಿ ನಿನ್ನದು. ನಾಳೆಯ ಸಭೆಯಲ್ಲಿ ಪ್ರೆಸ್ಸಿನ ಪರವಾಗಿ ಮಾತಾಡಬೇಕಾದವಳು ಮೇಲ್ವಿಚಾರಕಿಯಾದ ನಾನು. ನೋಡು ನನ್ನ ಗ್ರಹಚಾರ!

ನಿನ್ನ ಸಂಕಟ ಅರ್ಥವಾಗುತ್ತದಣ್ಣ. ಆ ಮಿಂಚುಳ್ಳಿಗಾಗಿ ನೀನು ಎಷ್ಟು ಬಿಸ್ಕತ್ತು ತಿಂದು ಹಲ್ಲು ಹಾಳು ಮಾಡಿಕೊಂಡೆ ಎಂದು ನನಗೆ ಗೊತ್ತಿಲ್ಲವೇ? ಆದರೆ ನನ್ನ ಮಗಳು ಹೊಸ ಕಾರ್ಡುಗಳಲ್ಲಿ ಮೂವತ್ತೊಂಬತ್ತು ಹಕ್ಕಿ ಸೇರಿಸಿ, ನಲವತ್ತನೆಯ ಮಿಂಚುಳ್ಳಿಗೆ ಜಾಗ ಬಿಟ್ಟು ಕಾಯುತ್ತಿದ್ದಾಳೆ. "ಮಾವನ ಹತ್ರ ಇದೆಯಲ್ಲ, ನನ್ನ ಹತ್ರ ಯಾಕಿರಬಾರ್ದು?" ಅಂತ ಕೇಳುತ್ತಾಳೆ. ಹೊಸದರ ಹಿಂಬದಿಗೆ ಇಸವಿ ಹಾಕೋಣ, ಹಳೆಯದು ಹಳೆಯದಾಗಿಯೇ ಉಳಿಯುತ್ತದೆ. ಸಂಖ್ಯೆಗೆ ಬೇಲಿ ಬೇಡ. ಸಭೆಯಲ್ಲಿ ಹೀಗೇ ಹೇಳುವವಳಿದ್ದೇನೆ. ನೀನು ಮುನಿಸಿಕೊಂಡು ಮಾತು ಬಿಟ್ಟರೆ ಎಂಬ ಭಯವೂ ಇದೆ. ಅಪ್ಪ ಹೋದ ಮೇಲೆ ನನಗೆ ತವರು ಅಂತ ಇರುವುದು ನೀನೊಬ್ಬನೇ.

ಅತ್ತಿಗೆಗೆ ನನ್ನ ನಮಸ್ಕಾರ. ಮಾತ್ರೆ ತಪ್ಪಿಸಬೇಡ.

ನಿನ್ನ ಬಾಲಂಗೋಚಿ ತಂಗಿ

ತಾ.ಕ.: ಎರಡನೆಯ ಕಾರಣ. ಕೊರಿಯರ್‌ನವನು ಬಾಗಿಲಲ್ಲಿ ನಿಂತಿದ್ದಾನೆ, ಬೇಗ ಬರೆಯುತ್ತೇನೆ. ಫೋನು ಎರಡು ಸಲ ಮಾಡಿದೆ, ನಿನ್ನ ದನಿ ಕೇಳಿ ಇಟ್ಟುಬಿಟ್ಟೆ. ಸೋಮವಾರ ನಿನ್ನ ಮಿಂಚುಳ್ಳಿಯನ್ನು ಸಂಘದವರ ಎದುರಿಗೇ, ಕಾರ್ಡು ಅಸಲಿಯೇ ಎಂದು ನೋಡುವ ಪರೀಕ್ಷಕರಿಗೆ ಕೊಡುತ್ತೀಯಂತೆ. ದಯವಿಟ್ಟು ಕೊಡಬೇಡ. ಚಿಕ್ಕಂದಿನಲ್ಲಿ ನೀನು ಜ್ವರದಲ್ಲಿ ಮಲಗಿದ್ದಾಗ ನಿನ್ನ ಅಂಗಿ ಒಗೆದವಳು ನಾನು, ಜೇಬು ನೋಡಲಿಲ್ಲ. ಅಸಲಿ ಮಿಂಚುಳ್ಳಿ ಮುದ್ದೆಯಾಗಿ ಕೈಗೆ ಬಂತು. ನನ್ನ ಅಳು ನೋಡಲಾರದೆ ಅಪ್ಪ ಮರುದಿನ ಪ್ರೆಸ್ಸಿನಲ್ಲಿ ಹಳೆಯ ಅಚ್ಚಿನಿಂದ ಇನ್ನೊಂದು ತೆಗೆದರು. ಮೂಲೆ ದುಂಡಗೆ ಮಾಡುವ ಯಂತ್ರವನ್ನು ಪ್ರೆಸ್ಸಿನವರು ಆಗಲೇ ಮಾರಿದ್ದರು. ಅದಕ್ಕೇ ಅಪ್ಪ ಉಗುರು ಕತ್ತರಿಸುವ ಕಟರಿನಲ್ಲಿ ಒಂದೊಂದೇ ಮೂಲೆ ತಿದ್ದಿದರು. ನಾಲ್ಕನೆಯದು ಕೊಂಚ ಸೊಟ್ಟಗಿದೆ, ಬೆರಳಾಡಿಸಿ ನೋಡು. "ಅವನಿಗೆ ಹೇಳ್ಬೇಡ, ನೊಂದ್ಕೋತಾನೆ" ಅಂದಿದ್ದರು. ಇಷ್ಟು ವರ್ಷ ಹೇಳಲಿಲ್ಲ. ಐನೂರಕ್ಕೆ ನಿಲ್ಲಿಸಿ ಅಂತೀಯಲ್ಲ ಅಣ್ಣ, ಅಪ್ಪ ಒಂದಕ್ಕೇ ನಿಲ್ಲಿಸಿದ್ದರು.