ಸಹಿ ಹಾಕದ ಸರ್ಟಿಫಿಕೇಟು

ಮಿಲ್‌ಬ್ರೂಕ್, ಒಹಾಯೊ
19 ನವೆಂಬರ್ 2017, ಭಾನುವಾರ

ಪ್ರಿಯ ಆರ್ಡಿತ್,

ಈ ಲಕೋಟೆಯಲ್ಲಿ ನಿನ್ನ ಸರ್ಟಿಫಿಕೇಟು ಇದೆ. ಸಹಿ ಮಾಡಿದ್ದೇನೆ. ಮೊದಲು ಅದನ್ನು ತೆಗೆದು ಜೋಪಾನವಾಗಿ ಇಟ್ಟುಕೊ. ಶೆರೀಫರ ಕಚೇರಿಯಲ್ಲಿ ಪಿಸ್ತೂಲಿನ ಲೈಸೆನ್ಸಿಗೆ ಅರ್ಜಿ ಕೊಡಲು ನಿನಗೆ ಬಾಕಿಯಿದ್ದದ್ದು ಅದೊಂದೇ. ಕಾಗದ ಓದುವ ಮನಸ್ಸಿಲ್ಲದಿದ್ದರೆ ಇಲ್ಲಿಗೇ ಒಲೆಗೆ ಹಾಕಿಬಿಡು.

ಅದು ಏಳು ವಾರ ತಡವಾಗಿದೆ. ತಡ ಮಾಡಿದವನು ನಾನು. ಇನ್ನೂ ಅಚ್ಚಾಗಿಲ್ಲ, ಆಫೀಸಿನಲ್ಲಿ ಎಲ್ಲೋ ಸೇರಿಕೊಂಡಿದೆ ಎಂದು ರೈಫಲ್ ಕ್ಲಬ್ಬಿನ ವರ್ನನ್ ನಿನಗೆ ಫೋನಿನಲ್ಲಿ ಮೂರು ಸಲ ಹೇಳಿದನಲ್ಲ, ಅಷ್ಟೂ ಸುಳ್ಳು. ಹೇಳಿಸಿದವನು ನಾನು. ಅವನ ಮೇಲೆ ಕೋಪ ಬೇಡ.

ಹನ್ನೊಂದು ವರ್ಷದಿಂದ ರೈಫಲ್ ಕ್ಲಬ್ಬಿನಲ್ಲಿ ನಾನು ಶನಿವಾರದ ತರಗತಿ ನಡೆಸುತ್ತಿದ್ದೆ. ಕೋಟಿನೊಳಗೆ ಪಿಸ್ತೂಲು ಬಚ್ಚಿಟ್ಟುಕೊಂಡು ಓಡಾಡಲು ಲೈಸೆನ್ಸು ಬೇಕೆನ್ನುವ ಈ ಸುತ್ತಮುತ್ತಲಿನ ಅರ್ಧ ಜನ ನನ್ನ ಕೈಕೆಳಗೇ ಕಲಿತವರು. ಸೆಪ್ಟೆಂಬರ್ ಮೂವತ್ತರಂದು ನಾನು ಮೊಣಕಾಲಿನ ಆಪರೇಷನ್ನಿಗೆಂದು ಆಸ್ಪತ್ರೆಯಲ್ಲಿದ್ದೆ. ನನ್ನ ಬದಲು ವರ್ನನ್ ಪಾಠ ಮಾಡಿದ. ನಾನಿರುವುದಿಲ್ಲ ಎಂದು ತಿಳಿದುಕೊಂಡೇ ನೀನು ಆ ದಿನ ಬಂದದ್ದು. ಇದು ನನಗೆ ಆಮೇಲೆ ಹೊಳೆಯಿತು.

ತರಗತಿ ಶುರುವಾಗುತ್ತಲೇ ಎಲ್ಲರಿಗೂ ಒಂದೊಂದು ಚೀಟಿ ಕೊಡುವುದು ನನ್ನ ಪದ್ಧತಿ. "ಹೆಸರು ಬರೀಬೇಡಿ. ಯಾರಿಗೆ ಹೆದರಿ ಬಂದಿದೀರಿ, ಅಷ್ಟು ಬರೀರಿ ಸಾಕು," ಎನ್ನುತ್ತಿದ್ದೆ. ಅದು ನನ್ನದೇ ಉಪಾಯ ಎಂಬ ಹೆಮ್ಮೆ ಬೇರೆ. ಸಂಜೆ ವರ್ನನ್ ಮತ್ತು ನಾನು ಕಾಫಿ ಕುಡಿಯುತ್ತ ಅವನ್ನು ಓದುತ್ತಿದ್ದೆವು. 'ಕೆಲಸದಿಂದ ತೆಗೆದ ಡ್ರೈವರ್', 'ಪಕ್ಕದ ಮನೆಯ ನಾಯಿ'. ಒಬ್ಬ 'ನಮ್ಮತ್ತೆ' ಎಂದು ಬರೆದಿದ್ದ, ಒಂದು ವಾರ ನಕ್ಕಿದ್ದೆವು. ಹೆಂಗಸರು ಗಂಡನ ಮಾತು ಬರೆದಾಗ ಮಾತ್ರ ನಗುತ್ತಿರಲಿಲ್ಲ. "ಎಂಥಾ ಗಂಡಸೋ ಮಾರಾಯ! ಕಟ್ಟಿಕೊಂಡೋಳು ಪಿಸ್ತೂಲು ಹಿಡಿಯೋ ಹಂಗೆ ಮಾಡಿದಾನಲ್ಲ," ಎಂದು ಎಷ್ಟು ಸಲ ಹೇಳಿದ್ದೇನೋ ನನಗೇ ಲೆಕ್ಕವಿಲ್ಲ.

ಆಸ್ಪತ್ರೆಯಿಂದ ಬಂದ ಮೇಲೆ ವರ್ನನ್ ಹನ್ನೆರಡು ಚೀಟಿ, ಹನ್ನೆರಡು ಸರ್ಟಿಫಿಕೇಟು ತಂದುಕೊಟ್ಟ. ಪಾಠ ಯಾರು ಮಾಡಿದರೂ ಸಹಿ ನನ್ನದೇ ಇರಬೇಕೆಂಬುದು ಕ್ಲಬ್ಬಿನ ನಿಯಮ. ಕೊಟ್ಟವನು ಟೋಪಿ ತಿರುವುತ್ತ ಬಾಗಿಲಲ್ಲೇ ನಿಂತ. "ಈಗಲೇ ನೋಡಬೇಕು ಅಂತೇನಿಲ್ಲ ಬಿಡು ಹಾರ್ಲನ್," ಎಂದ. ನಾನು ಓದುತ್ತ ಹೋದೆ. ಏಳನೆಯ ಚೀಟಿಯಲ್ಲಿ ನಿನ್ನ ಅಕ್ಷರ. 'ಊಟ ಓವನ್ನಿನಲ್ಲಿದೆ', 'ಹಾಲು ಮುಗಿದಿದೆ' ಎಂದು ಮೂವತ್ತೊಂದು ವರ್ಷ ಫ್ರಿಜ್ಜಿನ ಬಾಗಿಲಲ್ಲಿ ನೋಡಿದ ಅಕ್ಷರ.

'ನನ್ನ ಗಂಡ. ಕುಡಿಯುವವನಲ್ಲ. ಕೆಟ್ಟವನು ಎಂದು ಹೇಳಲೂ ನನಗೆ ಆಗುವುದಿಲ್ಲ. ಆದರೆ ಅವನ ಗಾಡಿಯಂಥ ಸದ್ದು ಅಂಗಳದಲ್ಲಿ ಕೇಳಿದರೆ ಈಗಲೂ ಉಸಿರು ಕಟ್ಟುತ್ತದೆ.'

ಮೊದಲು ಬಂದದ್ದು ಸಿಟ್ಟೇ. ಸುಳ್ಳು ಬರೆಯುವುದಿಲ್ಲ. "ಏನೋ ಇದು? ಯಾವತ್ತಾದ್ರೂ ಅವಳ ಮೇಲೆ ಕೈ ಮಾಡಿದೀನಾ ನಾನು? ನೀನೇ ಹೇಳೋ," ಎಂದು ವರ್ನನ್ ಮೇಲೆ ಹಾರಾಡಿದೆ. ಅವನು ತಲೆ ಎತ್ತಲಿಲ್ಲ. "ನನ್ನ ಕೇಳಬೇಡಪ್ಪ. ಆ ಮನೇಲಿ ಇದ್ದೋಳು ಅವಳು," ಎಂದ. ಹನ್ನೊಂದಕ್ಕೆ ಸಹಿ ಮಾಡಿದೆ. ನಿನ್ನದನ್ನು ಮೇಜಿನ ಖಾನೆಯೊಳಗೆ ಹಾಕಿದೆ.

ವರ್ನನ್‌ಗೆ ಫೋನ್ ಮಾಡಿ ಮಾಡಿ ಸಾಕಾಗಿ ಅವಳೇ ಬಂದು ನನ್ನನ್ನು ಕೇಳಲಿ ಎಂಬುದು ನನ್ನ ಎಣಿಕೆ. ನನ್ನ ಸಹಿಯಿಲ್ಲದೆ ಶೆರೀಫರ ಬಳಿ ಹೋಗುವ ಹಾಗಿಲ್ಲ. ಕೇಳಲು ಬಂದರೆ ಕೂರಿಸುತ್ತೇನೆ, ಕಾಫಿ ಮಾಡುತ್ತೇನೆ, ಮಾತಾಡಿ ಸರಿಮಾಡಿಕೊಳ್ಳುತ್ತೇವೆ. ಏಳು ವಾರ ಹಾಗೆ ಕಾದೆ. ನೀನು ಮನೆ ಬಿಟ್ಟು ಹದಿನಾಲ್ಕು ತಿಂಗಳಾಗಿದ್ದರೂ ನಿನ್ನನ್ನು ಬಗ್ಗಿಸಲು ಒಂದು ದಾರಿ ಸಿಕ್ಕಿತ್ತು. ಅದನ್ನು ನಾನು ಪ್ರೀತಿ ಎಂದುಕೊಂಡಿದ್ದೆ.

ಕಾಲು ನೀಡಿಕೊಂಡು ಸುಮ್ಮನೆ ಕೂತವನಿಗೆ ಒಂದೊಂದೇ ನೆನಪಾಗುತ್ತ ಬಂತು. ನಾನು ಬಡಿದು ಮುರಿದ ಅಡುಗೆಮನೆಯ ಕಪಾಟಿನ ಬಾಗಿಲನ್ನು ನಾವು ಎರಡು ಸಲ ಹೊಸದಾಗಿ ಹಾಕಿಸಿದ್ದೇವೆ. ಚರ್ಚಿನ ಹಾಡಿನ ಅಭ್ಯಾಸದಿಂದ ನೀನು ತಡವಾಗಿ ಬಂದೆ ಎಂದು ಕಾರಿನ ಕೀಲಿ ನಾಲ್ಕು ದಿನ ನನ್ನ ಜೇಬಿನಲ್ಲಿತ್ತು. ಆ ಈಸ್ಟರಿನಲ್ಲಿ ನಿನ್ನ ಕಿವಿಯಿಂದ ಗೇಣು ದೂರದಲ್ಲಿ ಗೋಡೆಗೆ ಗುದ್ದಿದೆ, ಗೋಡೆ ತೂತಾಯಿತು. ಅದರ ಮೇಲೆ ಕ್ಯಾಲೆಂಡರ್ ನೇತುಹಾಕಿದೆ. ತಿಂಗಳು ತಿಂಗಳೂ ಅದರ ಹಾಳೆ ತಿರುವಿದವಳು ನೀನು. ಕೈ ಮಾಡಿಲ್ಲ, ನಿಜ. ಮಾಡಬಲ್ಲೆ ಎಂದು ತೋರಿಸುತ್ತಲೇ ಇದ್ದೆ.

ಇಷ್ಟು ತಿಳಿದ ಮೇಲೂ ಗುರುವಾರ ಮಧ್ಯಾಹ್ನ ನಿನ್ನ ತಂಗಿ ನೇಡೀನಳ ಮನೆಗೆ ಬಂದೆ. ಸರ್ಟಿಫಿಕೇಟು ಜೇಬಿನಲ್ಲಿತ್ತು. ಕೊಟ್ಟುಬಿಡಲು ಹೊರಟಿದ್ದೇನೆ ಎಂದು ದಾರಿಯುದ್ದಕ್ಕೂ ನನಗೆ ನಾನೇ ಹೇಳಿಕೊಂಡೆ. ನಿಜವಾಗಿ ಬಂದದ್ದು ನೀನು ಕೇಳುವುದನ್ನು ನೋಡಲು. ಬಾಗಿಲು ಬಡಿದೆ. ಜೋರಾಗಿಯೇ ಬಡಿದಿರಬೇಕು, ಬೇರೆ ರೀತಿ ನನಗೆ ಗೊತ್ತಿಲ್ಲ. ಗಾಜಿನೊಳಗಿಂದ ನೀನು ಕಂಡೆ. ಮೊಣಕೈವರೆಗೂ ಹಿಟ್ಟು, ಕೈಯಲ್ಲಿ ಸುತ್ತಿಗೆ.

"ನಾನೇ ಕಣೇ ಆರ್ಡಿತ್! ಬೇರೆ ಯಾರೂ ಅಲ್ಲ, ನಾನು!" ಎಂದೆ.

"ಗೊತ್ತು," ಎಂದೆ ನೀನು. "ಅದಕ್ಕೇ."

ನಿನ್ನ ಹಿಂದಿನಿಂದ ನೇಡೀನ್ ಕೂಗುತ್ತಿದ್ದಳು: "ಹೊರಡು ಹಾರ್ಲನ್, ಪೊಲೀಸರಿಗೆ ಫೋನ್ ಮಾಡಿದೀನಿ!" ನನ್ನ ಕಣ್ಣು ಅವಳ ಕಡೆ ಹೋಗಲಿಲ್ಲ. ಸುತ್ತಿಗೆ ನಡುಗುತ್ತಿತ್ತು. ಹೆದರಿದ ಕೈ ನಡುಗೇ ನಡುಗುತ್ತದೆ, ಅದಕ್ಕೇ ಎರಡೂ ಕೈಯಲ್ಲಿ ಹಿಡಿಯಬೇಕು ಎಂದು ನಮ್ಮ ತರಗತಿಯಲ್ಲಿ ಹೇಳಿಕೊಡುತ್ತೇವೆ. ನೀನು ಎರಡೂ ಕೈಯಲ್ಲಿ ಹಿಡಿದಿದ್ದೆ.

ಊರುಗೋಲು ಊರಿಕೊಂಡು ಆ ನಾಲ್ಕು ಮೆಟ್ಟಿಲಿಳಿಯಲು ಬಹಳ ಹೊತ್ತಾಯಿತು. ತಿರುಗಿ ನೋಡಿದರೆ ನೀನು ಇನ್ನಷ್ಟು ಹೆದರುತ್ತೀಯೆಂದು ನೋಡಲಿಲ್ಲ. ಮದುವೆಯಾದಾಗಿನಿಂದ ನಿನ್ನ ಹೆದರಿಕೆಯನ್ನು ಲೆಕ್ಕಕ್ಕೆ ತೆಗೆದುಕೊಂಡು ನಾನು ಮಾಡಿದ ಮೊದಲ ಕೆಲಸ ಅದೇ ಇರಬೇಕು.

ಶೆರೀಫರ ಕಚೇರಿಯಲ್ಲಿ ಬೆರಳಚ್ಚು ತೆಗೆದುಕೊಳ್ಳುತ್ತಾರೆ, ಆಮೇಲೆ ಕೆಲವು ವಾರ ಕಾಯಿಸುತ್ತಾರೆ. ಅಂಗಡಿಯವನು ಹೆಂಗಸರಿಗೆ ಪುಟ್ಟ ಪಿಸ್ತೂಲೇ ಸರಿ ಎನ್ನುತ್ತಾನೆ, ಕೇಳಬೇಡ. ಗುಂಡು ಹಾರುವಾಗ ಪುಟ್ಟದೇ ಕೈಗೆ ಹೆಚ್ಚು ಒದೆಯುವುದು. ವರ್ನನ್‌ನನ್ನು ಕರೆದುಕೊಂಡು ಹೋಗು. ತರಗತಿ ಬಿಡುತ್ತೇನೆಂದು ಅವನಿಗೆ ಹೇಳಿದೆ. "ಕಾಲು ಸರಿಹೋಗೋವರೆಗೆ ತಾನೇ?" ಎಂದ. ಕಾಲಿನ ವಿಷಯವಲ್ಲ ಎಂದೆ.

ನಾನು ಇನ್ನು ನೇಡೀನಳ ಬೀದಿಗೂ ಬರುವುದಿಲ್ಲ. ಕ್ಷಮಿಸು ಎಂದು ಕೇಳುತ್ತಿಲ್ಲ. ಕೇಳಿದರೆ ಅದೂ ನಿನ್ನ ತಲೆಯ ಮೇಲೆ ಇನ್ನೊಂದು ಕೆಲಸ. ಉತ್ತರ ಬರೆಯಬೇಡ.

ಇಂತು,
ಹಾರ್ಲನ್

ತಾ.ಕ.: ನಾನು ನಿನ್ನ ಹತ್ತಿರ ಸುಳಿಯದಂತೆ ತಡೆಯಬೇಕೆಂದು ನೀನು ಕೋರ್ಟಿಗೆ ಬರೆದಿಟ್ಟಿದ್ದ ಅರ್ಜಿಯನ್ನು ಶುಕ್ರವಾರ ಹರಿದು ಹಾಕಿದೆಯಂತೆ. ನೇಡೀನ್ ವರ್ನನ್‌ಗೆ ಹೇಳಿದಳು. ಆದೇಶ ಬಂದರೆ ನನ್ನ ಬಂದೂಕುಗಳನ್ನೆಲ್ಲ ಕಸಿದುಕೊಳ್ಳುತ್ತಾರೆ, "ಜಿಂಕೆ ಬೇಟೆ ಕಾಲ ಬಂತು, ಪಾಪ, ಅವನಿಗೆ ಇನ್ನೇನಿದೆ" ಎಂದೆಯಂತೆ. ಸುತ್ತಿಗೆ ಹಿಡಿದು ನಿಂತ ಮರುದಿನವೇ! ಆರ್ಡಿತ್, ಆ ಅರ್ಜಿಯನ್ನು ಮತ್ತೆ ಬರೆ. ನಾನು ವಕೀಲರನ್ನು ಇಡುವುದಿಲ್ಲ, ಎದುರು ಮಾತೂ ಆಡುವುದಿಲ್ಲ. ಬಂದೂಕುಗಳನ್ನು ನಿನ್ನೆಯೇ ವರ್ನನ್ ತನ್ನ ಗಾಡಿಯಲ್ಲಿ ಹಾಕಿಕೊಂಡು ಹೋದ.